ಆರನೇ ವಾರಕ್ಕೆ ಕಾಣೆಯಾಗುವ ಮಕ್ಕಳು: ಕಮ್ಯುನಿಟಿ ಕಾಲೇಜು ಬಲ್ಲವರು ಸ್ವಲ್ಪ ಹೇಳಿ

ಗಣಿತದಕ್ಕ
ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಕಾಲೇಜಿನ ಹೆಸರು ಬೇಡ. ಹುಟ್ಟೂರು ದಾವಣಗೆರೆ ಹತ್ತಿರ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ರಾಜ್ಯದಲ್ಲಿ ಇಂಥ ಸರ್ಕಾರಿ ಕಾಲೇಜು 116 ಇವೆ. ಹೈಸ್ಕೂಲ್ ಮುಗಿಸಿದ ಯಾರು ಬೇಕಾದರೂ ಸೇರಬಹುದು, ಅಂಕ ಕೇಳುವುದಿಲ್ಲ. ಎರಡು ವರ್ಷದ ಓದು ಮುಗಿಸಿ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನೇರ ಮೂರನೇ ವರ್ಷಕ್ಕೆ ಸೇರಬಹುದು. ಇದನ್ನೇ ಟ್ರಾನ್ಸ್‌ಫರ್ ಅನ್ನುತ್ತಾರೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ಕೈಗೂಸು ಇರುವ ತಾಯಂದಿರು, ರಾತ್ರಿ ಪಾಳಿ ಮುಗಿಸಿ ಬರುವವರು ಇಲ್ಲಿ ತುಂಬಾ ಜನ.

ಈಗ ನನ್ನ ಸಮಸ್ಯೆ. ಮೊದಲು ಸೇರುವಾಗಲೇ ಪ್ಲೇಸ್‌ಮೆಂಟ್ ಪರೀಕ್ಷೆ ಇತ್ತು. ಅದರಲ್ಲಿ ಕಡಿಮೆ ಬಂದರೆ ರಿಮೀಡಿಯಲ್ ಕ್ಲಾಸು. ಹೈಸ್ಕೂಲ್ ಗಣಿತವನ್ನೇ ಮತ್ತೆ ಒಂದೋ ಎರಡೋ ಮೂರೋ ಸೆಮಿಸ್ಟರ್ ಓದಬೇಕು. ಅದರ ಯೂನಿಟ್‌ಗಳು (ಕೋರ್ಸಿಗೆ ಸಿಗುವ ಕ್ರೆಡಿಟ್) ಟ್ರಾನ್ಸ್‌ಫರ್ ಲೆಕ್ಕಕ್ಕೆ ಬರುವುದೂ ಇಲ್ಲ. 2017ರಲ್ಲಿ ಎಬಿ 705 ಅಂತ ಕಾನೂನು ಬಂತು. 2019ರ ಫಾಲ್ ಸೆಮಿಸ್ಟರ್‌ನಿಂದ ಹೈಸ್ಕೂಲ್ ಅಂಕ ನೋಡಿ ಬಹುತೇಕ ಎಲ್ಲರನ್ನೂ ನೇರ ಟ್ರಾನ್ಸ್‌ಫರ್ ಮಟ್ಟದ ಕ್ಲಾಸಿಗೆ ಸೇರಿಸುತ್ತೇವೆ.

ನನ್ನ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಈ ಸಲ 35 ಮಕ್ಕಳಿದ್ದರು. ಆರನೇ ವಾರದ ಹೊತ್ತಿಗೆ 11 ಜನ ಬರುವುದನ್ನೇ ನಿಲ್ಲಿಸಿದರು. ಉಳಿದವರಲ್ಲಿ ಹೆಚ್ಚಿನವರು ಪಾಸಾಗುವ ಹಾಗಿದ್ದಾರೆ. ಸಹೋದ್ಯೋಗಿಗಳು ಹೇಳುತ್ತಾರೆ, ಹಳೇ ಪದ್ಧತಿಯೇ ಸರಿ ಇತ್ತು ಅಂತ. ನನಗೆ ಹಾಗೆ ಅನಿಸುವುದಿಲ್ಲ. ಆದರೆ ಆ 11 ಖಾಲಿ ಕುರ್ಚಿ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಈ ವರ್ಷ ನನ್ನನ್ನು ಈಕ್ವಿಟಿ ಕಮಿಟಿಗೆ ಹಾಕಿದ್ದಾರೆ, ಯಾವ ಗುಂಪಿನ ಮಕ್ಕಳೂ ಹಿಂದೆ ಬೀಳದ ಹಾಗೆ ನೋಡುವ ಕಮಿಟಿ ಅದು. ರಾಜ್ಯಕ್ಕೆ ಕಳಿಸುವ ಪ್ಲಾನ್ ಬರೆಯಬೇಕು. ಕಾಗದದ ಮೇಲೆ ಚೆನ್ನಾಗಿ ಕಾಣುವುದು ಬೇಡ. ನೀವು ಕಣ್ಣಾರೆ ನೋಡಿದ್ದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಯಾವುದು? ಅದನ್ನು ಹೇಳಿ.

ಫ್ರೀಮಾಂಟ್ ಅಪ್ಪ
ಮೇಡಂ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಳಪಾಯ ಹಾಕದೆ ಗೋಡೆ ಎಬ್ಬಿಸಿದರೆ ಬೀಳುತ್ತದೆ. ಭಿನ್ನರಾಶಿ ಕೂಡಲು ಬಾರದ ಹುಡುಗನನ್ನು ಸ್ಟ್ಯಾಟಿಸ್ಟಿಕ್ಸ್‌ಗೆ ಕೂರಿಸುವುದು ಅವನಿಗೇ ಮಾಡುವ ಅನ್ಯಾಯ. ನಿಮ್ಮ 11 ಮಕ್ಕಳೇ ಅದಕ್ಕೆ ಸಾಕ್ಷಿ ಅಲ್ವಾ?

ಅಂಕಿಲೆಕ್ಕ
ಸರ್, ಒಂದು ಲೆಕ್ಕ ಮಾಡೋಣ. ನಾನು ಒಂದು ಕಾಲೇಜಿನ ಅಂಕಿಅಂಶ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ದಿನಾ ನೋಡುವುದು ಇದನ್ನೇ.

ಮೂರು ಮಟ್ಟ ಕೆಳಗೆ ಸೇರಿಸಿದ 100 ಮಕ್ಕಳನ್ನು ತೆಗೆದುಕೊಳ್ಳಿ. ಪ್ರತಿ ಕ್ಲಾಸಿನಲ್ಲೂ ನೂರಕ್ಕೆ 70 ಪಾಸು ಅಂದುಕೊಳ್ಳಿ. ಯಾವ ಮೇಷ್ಟ್ರಿಗೂ ಅದು ಕೆಟ್ಟ ಫಲಿತಾಂಶ ಅನಿಸುವುದಿಲ್ಲ. ಮೊದಲ ಕ್ಲಾಸ್ ಮುಗಿದಾಗ 70. ಎರಡನೆಯದು ಮುಗಿದಾಗ 49. ಮೂರನೆಯದಕ್ಕೆ 34. ಕೊನೆಗೆ ನಿಜವಾಗಿ ಬೇಕಿದ್ದ ಕ್ಲಾಸ್ ಪಾಸಾಗುವುದು 24 ಜನ. ಪಾಸಾದವರೆಲ್ಲ ಮುಂದಿನ ಸೆಮಿಸ್ಟರ್‌ಗೆ ಹೆಸರು ಬರೆಸುತ್ತಾರೆ ಅಂತ ಹಿಡಿದು ಈ ಲೆಕ್ಕ. ನಿಜದಲ್ಲಿ ಹಾಗಾಗುವುದಿಲ್ಲ. ಒಬ್ಬಳಿಗೆ ಕೆಲಸದ ಪಾಳಿ ಬದಲಾಗುತ್ತದೆ, ಒಬ್ಬನ ಕಾರು ಕೆಡುತ್ತದೆ, ಒಬ್ಬರ ಮನೆಯಲ್ಲಿ ಕಾಯಿಲೆ.

ಯಾವ ಮೇಷ್ಟ್ರೂ ತಪ್ಪು ಮಾಡಿಲ್ಲ. ಆದರೂ 76 ಮಕ್ಕಳು ಹೋದರು. ತೂತು ಇದ್ದದ್ದು ಕ್ಲಾಸಿನ ಒಳಗಲ್ಲ, ಎರಡು ಕ್ಲಾಸಿನ ನಡುವೆ.

ಗಣಿತದಕ್ಕನ ಕ್ಲಾಸಿನಲ್ಲಿ 11 ಜನ ಹೋಗಿದ್ದು ನಮ್ಮ ಕಣ್ಣಿಗೆ ಕಾಣುತ್ತಿದೆ. ಮೊದಲು ಹೋಗುತ್ತಿದ್ದವರು ಆ ಕ್ಲಾಸಿನ ಬಾಗಿಲಿಗೇ ಬರುತ್ತಿರಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ.

ಫ್ರೀಮಾಂಟ್ ಅಪ್ಪ
ಲೆಕ್ಕ ಒಪ್ಪಿದೆ. ಆದರೆ ಬಿಟ್ಟು ಹೋಗುವವರು ಹೇಗಿದ್ದರೂ ಹೋಗುತ್ತಿದ್ದರು ಅನ್ನುವ ಮಾತೂ ಇದೆ. ಪರೀಕ್ಷೆ ತೆಗೆದ ಮಾತ್ರಕ್ಕೆ ಕಲಿಕೆ ಬರುತ್ತದಾ?

ಅಂಕಿಲೆಕ್ಕ
ಪರೀಕ್ಷೆ ತೆಗೆದದ್ದು ಸುಮ್ನೆ ಅಲ್ಲ ಸರ್. ಒಂದು ದಿನ ಕಂಪ್ಯೂಟರ್ ಮುಂದೆ ಒಂದೆರಡು ಗಂಟೆ ಕೂತು ಬರೆದದ್ದಕ್ಕಿಂತ ನಾಲ್ಕು ವರ್ಷದ ಹೈಸ್ಕೂಲ್ ಅಂಕವೇ ಮಗು ಹೇಗೆ ಓದುತ್ತದೆ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ ಅಂತ ಮತ್ತೆ ಮತ್ತೆ ಸಾಬೀತಾಗಿದೆ. ಕಾನೂನಿಗೆ ಮೊದಲು ಹೊಸದಾಗಿ ಸೇರಿದವರಲ್ಲಿ ನೂರಕ್ಕೆ ಸುಮಾರು 80 ಜನ ಇಂಗ್ಲಿಷ್‌ನಲ್ಲೋ ಗಣಿತದಲ್ಲೋ ಒಂದಾದರೂ ರಿಮೀಡಿಯಲ್ ಕ್ಲಾಸಿಗೆ ಹೋಗುತ್ತಿದ್ದರು. ಅಷ್ಟೂ ಜನ ದಡ್ಡರು ಅಂತ ನಂಬಲು ನನ್ನಿಂದ ಆಗುವುದಿಲ್ಲ. ಅದರಲ್ಲೂ ಕಪ್ಪು ಮತ್ತು ಲ್ಯಾಟಿನೋ ಮಕ್ಕಳನ್ನು ಎಲ್ಲರಿಗಿಂತ ಜಾಸ್ತಿ ಕೆಳಗಿನ ಮಟ್ಟಕ್ಕೆ ತಳ್ಳಲಾಗುತ್ತಿತ್ತು.

ಸನ್ನಿವೇಲ್ ಸೀತಾಫಲ
ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. ನಾನು ಮೈಸೂರಿನಲ್ಲಿ ಬಿಎಸ್ಸಿ ಮಾಡಿದವಳು, ಗಣಿತವೂ ಒಂದು ವಿಷಯ. ಮದುವೆಯಾಗಿ ಎಚ್‌4 ವೀಸಾದಲ್ಲಿ (ಇಲ್ಲಿ ಕೆಲಸಕ್ಕೆ ಬಂದವರ ಕುಟುಂಬಕ್ಕೆ ಕೊಡುವುದು) ಬಂದೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಒಂದು ಕಮ್ಯುನಿಟಿ ಕಾಲೇಜಿಗೆ ಹೋದೆ, ಅಕೌಂಟಿಂಗ್ ಕಲಿಯೋಣ ಅಂತ. ಆಗಿನ್ನೂ ಪ್ಲೇಸ್‌ಮೆಂಟ್ ಪರೀಕ್ಷೆ ಇತ್ತು. ಏನೂ ಓದಿಕೊಂಡು ಹೋಗಿರಲಿಲ್ಲ, ಅದು ಅಷ್ಟು ಮುಖ್ಯ ಅಂತಲೂ ಯಾರೂ ಹೇಳಿರಲಿಲ್ಲ. ಪುಸ್ತಕ ಮುಟ್ಟಿ ಹತ್ತು ವರ್ಷವಾಗಿತ್ತು. ಎರಡು ಮಟ್ಟ ಕೆಳಗೆ ಹಾಕಿದರು.

ಕ್ಲಾಸಿಗೆ ಹೋದೆ. ಒಂಬತ್ತನೇ ಕ್ಲಾಸಿನ ಬೀಜಗಣಿತ. ಎರಡನೇ ವಾರಕ್ಕೇ ಎಲ್ಲ ನೆನಪಾಯಿತು. ಆದರೂ ಪೂರ್ತಿ ಎರಡು ಸೆಮಿಸ್ಟರ್ ಅಲ್ಲೇ ಕೂರಬೇಕಾಯಿತು. ನನಗೆ ಗಂಡನ ಸಂಬಳ ಇತ್ತು, ತಡೆದುಕೊಂಡೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಬರುತ್ತಿದ್ದಳು. ನನಗಿಂತ ಚುರುಕು. ಮೊದಲ ಸೆಮಿಸ್ಟರ್ ಪಾಸೂ ಆದಳು. ಎರಡನೆಯದಕ್ಕೆ ಬರಲೇ ಇಲ್ಲ. ಅಂಕಿಲೆಕ್ಕ ಅವರು ಹೇಳಿದ 70 ಮತ್ತು 49ರ ನಡುವೆ ಅವಳು ಇದ್ದಾಳೆ. ಅವಳ ಹೆಸರು ನನಗೆ ಇವತ್ತಿಗೂ ನೆನಪಿದೆ.

ಗಣಿತದಕ್ಕ
ಸೀತಾಫಲ ಅವರೇ, ಇದನ್ನು ನಮ್ಮ ಕಮಿಟಿಯಲ್ಲಿ ಹೇಳಬಹುದಾ? ಗುರುತು ಯಾವುದೂ ಇಲ್ಲದ ಹಾಗೆ.

ಸನ್ನಿವೇಲ್ ಸೀತಾಫಲ
ಖಂಡಿತ ಹೇಳಿ ಅಕ್ಕ.

ಹೊಸಬಳು
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಚ್‌4ನಲ್ಲಿ ಫೀಸ್ ಹೇಗೆ? ಹೊರಗಿನವರ ಫೀಸ್ ಕೇಳುತ್ತಾರೆ ಅಂತ ಹೆದರಿ ನಾನು ಸೇರಿಯೇ ಇಲ್ಲ.

ಸನ್ನಿವೇಲ್ ಸೀತಾಫಲ
ಒಂದು ವರ್ಷ ಮತ್ತು ಒಂದು ದಿನ ಕ್ಯಾಲಿಫೋರ್ನಿಯಾದಲ್ಲಿ ವಾಸ ಇದ್ದರೆ, ಇಲ್ಲೇ ನೆಲೆಸುವ ಉದ್ದೇಶ ತೋರಿಸಿದರೆ, ಎಚ್‌4ನವರೂ ರಾಜ್ಯದವರ ಫೀಸ್ ಕಟ್ಟಬಹುದು. ಯೂನಿಟ್‌ಗೆ 46 ಡಾಲರ್. 2012ರಿಂದ ಅಷ್ಟೇ ಇದೆ. ಹೊರಗಿನವರಿಗೆ ಇದರ ಹಲವು ಪಟ್ಟು. ಎಫ್‌1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಈ ಅನುಕೂಲ ಇಲ್ಲ. ಬಾಡಿಗೆ ಕರಾರು, ತೆರಿಗೆ ಕಾಗದ, ಡ್ರೈವಿಂಗ್ ಲೈಸೆನ್ಸ್ ಎಲ್ಲ ತೆಗೆದುಕೊಂಡು ಅಡ್ಮಿಷನ್ ಆಫೀಸಿಗೆ ಹೋಗಿ. ಹೆದರಬೇಡಿ.

ಅಂಕಿಲೆಕ್ಕ
ಚಿಕ್ಕ ಸೇರ್ಪಡೆ. ಡಿ ಅನ್ಜಾ, ಫುಟ್‌ಹಿಲ್ ಕಾಲೇಜುಗಳಲ್ಲಿ ಸೆಮಿಸ್ಟರ್ ಬದಲು ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ. ಅಲ್ಲಿ ಯೂನಿಟ್‌ಗೆ 31 ಡಾಲರ್. ಲೆಕ್ಕ ಒಂದೇ, ಯೂನಿಟ್ ಚಿಕ್ಕದು.

ಕುಪರ್ಟಿನೋ ಅಮ್ಮ
ಕಮ್ಯುನಿಟಿ ಕಾಲೇಜು ಬಡವರಿಗೆ ಮಾತ್ರ ಅನ್ನುವ ಹಾಗೆ ಮಾತಾಡಬೇಡಿ. ನಮ್ಮ ಮಗ ಬೇಕಂತಲೇ ಡಿ ಅನ್ಜಾಗೆ ಸೇರಿದ. ಎರಡು ವರ್ಷ ಮನೆಯಿಂದ ಓದಿ ಟ್ಯಾಗ್ ಮೂಲಕ, ಅಂದರೆ ಟ್ರಾನ್ಸ್‌ಫರ್ ಸೀಟು ಮೊದಲೇ ಖಾತ್ರಿ ಮಾಡಿಕೊಡುವ ಒಪ್ಪಂದದ ಮೂಲಕ, ಯುಸಿ ಡೇವಿಸ್‌ಗೆ ಹೋದ. ಎಷ್ಟು ದುಡ್ಡು ಉಳಿಯಿತು! ನಮ್ಮ ಕನ್ನಡ ಬಳಗದಲ್ಲಿ ಈಗಲೂ ಕೆಲವರು ಮೂಗು ಮುರಿಯುತ್ತಾರೆ. ಮಕ್ಕಳು ಅದನ್ನು ಕೇಳಿ ನಾಚಿಕೊಳ್ಳುತ್ತಾರೆ. ಅದು ನಿಲ್ಲಬೇಕು.

ಫ್ರೀಮಾಂಟ್ ಅಪ್ಪ
ಟ್ಯಾಗ್‌ನಲ್ಲಿ ಬರ್ಕ್ಲಿ ಸಿಗುತ್ತದಾ? ನಮ್ಮ ಚಿಕ್ಕವಳಿಗೆ ಕೇಳಿದೆ.

ಕುಪರ್ಟಿನೋ ಅಮ್ಮ
ಇಲ್ಲ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಮೂರರಲ್ಲೂ ಟ್ಯಾಗ್ ಇಲ್ಲ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಆರರಲ್ಲಿ ಇದೆ. ಉಳಿದ ಮೂರಕ್ಕೆ ಮಾಮೂಲಿ ಟ್ರಾನ್ಸ್‌ಫರ್ ಅರ್ಜಿ ಹಾಕಬೇಕು. ತುಂಬಾ ಮಕ್ಕಳು ಹಾಗೆ ಹೋಗಿದ್ದಾರೆ.

ಗಣಿತದಕ್ಕ
ಅಮ್ಮ, ನಿಮ್ಮ ಮಗನ ವಿಷಯ ಕೇಳಿ ಸಂತೋಷ. ಮೂಗು ಮುರಿಯುವ ಮಾತು ನಿಲ್ಲಬೇಕು ಅನ್ನುವುದು ನೂರಕ್ಕೆ ನೂರು ಸರಿ. ಆದರೆ ನನ್ನ ಕಷ್ಟವೂ ಅಲ್ಲೇ ಇದೆ. ನಿಮ್ಮ ಮಗನಿಗೆ ಟ್ಯಾಗ್ ಅಂದರೇನು, ಯಾವ ಕೋರ್ಸ್ ಯಾವಾಗ ತೆಗೆದುಕೊಳ್ಳಬೇಕು ಅಂತ ಹೇಳಲು ನೀವಿದ್ದಿರಿ. ಅದೇ ಬೆಂಚಿನಲ್ಲಿ ಕೂತ ಇನ್ನೊಂದು ಮಗುವಿಗೆ ಮನೆಯಲ್ಲಿ ಯಾರಿಗೂ ಟ್ರಾನ್ಸ್‌ಫರ್ ಅನ್ನುವ ಪದವೇ ಗೊತ್ತಿಲ್ಲ. ಇಬ್ಬರ ಫಲಿತಾಂಶವನ್ನೂ ಕೂಡಿಸಿ ಸರಾಸರಿ ತೆಗೆದರೆ ಕಾಲೇಜು ಚೆನ್ನಾಗಿ ನಡೆಯುತ್ತಿದೆ ಅಂತ ಕಾಣುತ್ತದೆ. ಒಡೆದು ನೋಡಿದಾಗ ಮಾತ್ರ ಗೊತ್ತಾಗುತ್ತದೆ, ಯಾರು ದಾಟಿದರು, ಯಾರು ಮುಳುಗಿದರು ಅಂತ.

ಮಂಡ್ಯದ ಗೌಡ್ರು
ಈಕ್ವಿಟಿ ಅಂದರೆ ನಮ್ಮ ಕಡೆಯ ಮೀಸಲಾತಿ ತರಹವಾ?

ಅಂಕಿಲೆಕ್ಕ
ಅಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 209 ಪಾಸು ಮಾಡಿದರು. ಸರ್ಕಾರಿ ಕಾಲೇಜುಗಳು ಜನಾಂಗ ನೋಡಿ ಆದ್ಯತೆ ಕೊಡುವ ಹಾಗಿಲ್ಲ. ಕಮ್ಯುನಿಟಿ ಕಾಲೇಜಿಗೆ ಎಲ್ಲರಿಗೂ ಪ್ರವೇಶ ಇದೆ, ಹಾಗಾಗಿ ಸೀಟಿನ ಜಗಳವೇ ಇಲ್ಲ. ಈಕ್ವಿಟಿ ಪ್ಲಾನ್ ಕೇಳುವುದು ಬೇರೆ. ಒಳಗೆ ಬಂದ ಮೇಲೆ ಯಾವ ಗುಂಪಿನ ಮಕ್ಕಳು ಯಾವ ಮೆಟ್ಟಿಲಲ್ಲಿ ಜಾಸ್ತಿ ಜಾರುತ್ತಿದ್ದಾರೆ, ಅದಕ್ಕೆ ಕಾಲೇಜು ಏನು ಮಾಡುತ್ತದೆ ಅಂತ.

2017ರಲ್ಲಿ ವಿಷನ್ ಫಾರ್ ಸಕ್ಸೆಸ್ ಅಂತ ರಾಜ್ಯದ ಗುರಿಪಟ್ಟಿ ಬಂತು. ಗುಂಪುಗಳ ನಡುವಿನ ಅಂತರವನ್ನು ಐದು ವರ್ಷದಲ್ಲಿ ಶೇ. 40ರಷ್ಟು ಇಳಿಸಬೇಕು, ಹತ್ತು ವರ್ಷದಲ್ಲಿ ಪೂರ್ತಿ ತೆಗೆಯಬೇಕು ಅಂತ ಅದರಲ್ಲಿತ್ತು.

ಕ್ವೀನ್ಸ್ ಕನ್ನಡಿಗ
ನ್ಯೂಯಾರ್ಕ್‌ನಿಂದ ಬರೆಯುತ್ತಿದ್ದೇನೆ. ಗಣಿತದಕ್ಕ ಕೇಳಿದ್ದು ನಿಜವಾಗಿ ಕೆಲಸ ಮಾಡಿದ್ದು ಯಾವುದು ಅಂತ. ನಮ್ಮಲ್ಲಿ ಒಂದಿದೆ, ಸಿಟಿ ಯೂನಿವರ್ಸಿಟಿಯ ಎಎಸ್‌ಎಪಿ ಅನ್ನುವ ಸಹಾಯ ಕಾರ್ಯಕ್ರಮ. ಎಲ್ಲರೂ ಅಸಾಪ್ ಅನ್ನುತ್ತಾರೆ. 2007ರಲ್ಲಿ ಶುರುವಾಯಿತು.

ಅದರಲ್ಲಿ ದೊಡ್ಡ ಮಂತ್ರ ಏನೂ ಇಲ್ಲ. ನೆರವು ಕಳೆದು ಉಳಿದ ಫೀಸ್ ಅವರೇ ಕಟ್ಟುತ್ತಾರೆ. ಪುಸ್ತಕದ ಖರ್ಚಿಗೆ ಸಹಾಯ. ಸಬ್‌ವೇ ಮತ್ತು ಬಸ್ಸಿಗೆ ಪ್ರಯಾಣದ ಕಾರ್ಡ್. ಎಲ್ಲಕ್ಕಿಂತ ಮುಖ್ಯ, ಒಬ್ಬ ಅಡ್ವೈಸರ್. ಅವರ ಕೈಯಲ್ಲಿ ಸಾವಿರಾರು ಮಕ್ಕಳಿರುವುದಿಲ್ಲ, ಹಾಗಾಗಿ ಹೆಸರು ಹಿಡಿದು ಕರೆಯುತ್ತಾರೆ. ಹೋಗಿ ಭೇಟಿ ಮಾಡಲೇಬೇಕು, ತಪ್ಪಿಸುವ ಹಾಗಿಲ್ಲ.

ಎಂಡಿಆರ್‌ಸಿ ಎಂಬ ಸಂಸ್ಥೆ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಎರಡೂ ಗುಂಪಿನವರೆಲ್ಲ ರಿಮೀಡಿಯಲ್ ಬೇಕು ಅನಿಸಿಕೊಂಡಿದ್ದ, ಕಡಿಮೆ ಆದಾಯದ ಮನೆಯ ಮಕ್ಕಳು. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಅಸಾಪ್ ಗುಂಪಿನಲ್ಲಿ ಶೇ. 40. ಇನ್ನೊಂದು ಗುಂಪಿನಲ್ಲಿ ಶೇ. 22. ಹೆಚ್ಚುಕಡಿಮೆ ಎರಡು ಪಟ್ಟು! ಒಬ್ಬ ವಿದ್ಯಾರ್ಥಿಗೆ ಖರ್ಚು ಜಾಸ್ತಿ ಬಿತ್ತು, ನಿಜ. ಆದರೆ ಒಂದು ಡಿಗ್ರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಕಡಿಮೆಯೇ ಬಂತು. ಆಮೇಲೆ ಒಹಾಯೋದಲ್ಲೂ ಮಾಡಿ ನೋಡಿದರು, ಅಲ್ಲೂ ಫಲ ಕೊಟ್ಟಿತು.

ಹಾವೇರಿ ಅತಿಥಿ
ಬಸ್ಸಿನ ಕಾರ್ಡ್ ಅಂದ ಕೂಡಲೇ ನಮ್ಮ ಕಾಲೇಜು ಕಣ್ಣ ಮುಂದೆ ಬಂತು. ನಾನು ಕರ್ನಾಟಕದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅಮೆರಿಕದ ಕಮ್ಯುನಿಟಿ ಕಾಲೇಜು ಮಾಡುವ ಕೆಲಸವನ್ನು ನಮ್ಮ ರಾಜ್ಯದಲ್ಲಿ ಮಾಡುತ್ತಿರುವುದು ಇಂಥ ನಾನೂರಕ್ಕೂ ಹೆಚ್ಚು ಕಾಲೇಜುಗಳೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಕ್ಲಾಸಿನ ಹೆಣ್ಣುಮಕ್ಕಳ ಹಾಜರಿ ಬದಲಾಗಿದ್ದನ್ನು ನಾನು ನೋಡಿದ್ದೇನೆ. ಮೊದಲೂ ಪಾಸ್ ಇತ್ತು, ಆದರೆ ಅದನ್ನು ಮಾಡಿಸಲು ದುಡ್ಡು ಹೊಂದಿಸುವ ತನಕ ಜುಲೈ, ಆಗಸ್ಟ್ ಪೂರಾ ಕೆಲವರು ಬರುತ್ತಲೇ ಇರಲಿಲ್ಲ. ಈಗ ಮೊದಲ ದಿನದಿಂದ ಬರುತ್ತಾರೆ. ಆದರೆ ಊರಿಗೆ ಬಸ್ ಇರುವುದೇ ಎರಡು. ಮಧ್ಯಾಹ್ನದ್ದು ತಪ್ಪಿದರೆ ಸಂಜೆ ಆರಕ್ಕೆ. ಹಾಗಾಗಿ ಮಧ್ಯಾಹ್ನದ ಮೇಲಿನ ಪೀರಿಯಡ್‌ಗೆ ಅರ್ಧ ಕ್ಲಾಸ್ ಖಾಲಿ. ನಾವು ಏಳೆಂಟು ಜನ ಮೇಷ್ಟ್ರು ಕೂತು ಟೈಮ್‌ಟೇಬಲ್ಲನ್ನೇ ಬಸ್ಸಿಗೆ ಹೊಂದಿಸಿದೆವು. ಕಷ್ಟದ ವಿಷಯಗಳೆಲ್ಲ ಬೆಳಗ್ಗೆ. ಇದಕ್ಕೆ ಯಾವ ಅನುದಾನವೂ ಬೇಕಾಗಲಿಲ್ಲ.

ಗಣಿತದಕ್ಕ
ಸರ್, ಈ ಮಾತು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಯಾರೂ ಬಸ್ಸಿನ ವೇಳಾಪಟ್ಟಿ ತೆಗೆದು ನೋಡಿಯೇ ಇಲ್ಲ.

ಸಂಜೆ ಪಾಳಿ
ಅಸಾಪ್ ಬಗ್ಗೆ ಎಲ್ಲರೂ ಹೊಗಳುತ್ತಿದ್ದೀರಿ. ನನ್ನದೊಂದು ಪ್ರಶ್ನೆ. ಅದಕ್ಕೆ ಫುಲ್ ಟೈಮ್ ಓದಲೇಬೇಕು ಅಲ್ವಾ? ನಾನು ಗೋದಾಮಿನಲ್ಲಿ ಕೆಲಸ ಮಾಡುತ್ತಾ ಸೆಮಿಸ್ಟರ್‌ಗೆ ಎರಡು ಕ್ಲಾಸ್ ತೆಗೆದುಕೊಳ್ಳುತ್ತೇನೆ. ಬಾಡಿಗೆ ನಾನೇ ಕಟ್ಟಬೇಕು. ನನ್ನಂಥವರಿಗೆ ಆ ಬಾಗಿಲೇ ಇಲ್ಲ. ನನ್ನ ಕಾಲೇಜಿನಲ್ಲಿ ನನ್ನಂಥವರೇ ಜಾಸ್ತಿ. ಯಾರಿಗೆ ಸಹಾಯ ಎಲ್ಲಕ್ಕಿಂತ ಜಾಸ್ತಿ ಬೇಕೋ ಅವರನ್ನು ಹೊರಗೆ ನಿಲ್ಲಿಸಿದರೆ ಅದು ಎಂಥ ಈಕ್ವಿಟಿ?

ಕ್ವೀನ್ಸ್ ಕನ್ನಡಿಗ
ಒಪ್ಪುತ್ತೇನೆ. ಫುಲ್ ಟೈಮ್ ಕಡ್ಡಾಯ. ಆದರೆ ಎಷ್ಟೋ ಜನ ಫುಲ್ ಟೈಮ್ ಓದಲು ಆಗದೆ ಇದ್ದದ್ದು ದುಡ್ಡಿಲ್ಲ ಅಂತಲೇ. ಫೀಸ್, ಪುಸ್ತಕ, ಬಸ್ ಮೂರೂ ಕೊಟ್ಟಾಗ ಕೆಲವರಿಗೆ ಕೆಲಸದ ಗಂಟೆ ಇಳಿಸಲು ಆಯಿತು.

ಸಂಜೆ ಪಾಳಿ
ಕೆಲವರಿಗೆ. ಬಾಡಿಗೆ ಎರಡು ಸಾವಿರ ಡಾಲರ್ ಇರುವ ಊರಿನಲ್ಲಿ ಬಸ್ ಕಾರ್ಡ್ ನನಗೆ ಕೆಲಸ ಬಿಡಿಸುವುದಿಲ್ಲ. ನನಗೆ ಬೇಕಾದದ್ದು ಬೇರೆ. ಕೌನ್ಸೆಲರ್ ಆಫೀಸ್ ಐದಕ್ಕೆ ಮುಚ್ಚುತ್ತದೆ. ನನ್ನ ಕ್ಲಾಸ್ ಶುರುವಾಗುವುದೇ ಆರೂವರೆಗೆ. ಎರಡು ವರ್ಷದಲ್ಲಿ ಒಂದು ಸಲವೂ ಕೌನ್ಸೆಲರ್ ಮುಖ ನೋಡಿಲ್ಲ. ವಾರಕ್ಕೆ ಒಂದು ದಿನ ರಾತ್ರಿ ಎಂಟರ ತನಕ ಆಫೀಸ್ ತೆರೆಯಿರಿ. ನಿಮ್ಮ ಪ್ಲಾನ್‌ನಲ್ಲಿ ಇದೊಂದು ಸಾಲು ಬರೆಯಿರಿ ಅಕ್ಕ.

ಗಣಿತದಕ್ಕ
ಬರೆಯುತ್ತೇನೆ. ಮಾತು ಕೊಟ್ಟೆ.

ಮೂರು ಕಾಲೇಜು
ನಾನು ಪಾರ್ಟ್ ಟೈಮ್ ಮೇಷ್ಟ್ರು. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ನಮ್ಮಂಥವರಿಗೆ ಇಲ್ಲಿ ಫ್ರೀವೇ ಫ್ಲೈಯರ್ ಅಂತಲೇ ಹೆಸರು. ಕಾನೂನಿನ ಪ್ರಕಾರ ಒಂದು ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಒಂದೇ ಆಡಳಿತದ ಕೆಳಗಿರುವ ಕಾಲೇಜುಗಳಲ್ಲಿ, ಪೂರ್ಣಾವಧಿ ಕೆಲಸದ ಶೇ. 67ಕ್ಕಿಂತ ಜಾಸ್ತಿ ನಮಗೆ ಕೊಡುವ ಹಾಗಿಲ್ಲ. ಹಾಗಾಗಿ ಊರೂರು ಸುತ್ತಬೇಕು. 1988ರ ಎಬಿ 1725 ಕಾನೂನಿನಲ್ಲಿ ಪಾಠದ ನಾಲ್ಕರಲ್ಲಿ ಮೂರು ಪಾಲು ಪೂರ್ಣಾವಧಿ ಮೇಷ್ಟ್ರಿಂದಲೇ ನಡೆಯಬೇಕು ಅಂತ ಗುರಿ ಇಟ್ಟರು. ಇವತ್ತಿಗೂ ರಾಜ್ಯ ಅಲ್ಲಿಗೆ ಮುಟ್ಟಿಲ್ಲ.

ಮಗು ಕ್ಲಾಸ್ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಬೇಕು ಅಂತ ನಿಂತಿರುತ್ತದೆ. ನಾನು ಕಾರಿನ ಕೀಲಿ ಕೈಯಲ್ಲಿ ಹಿಡಿದಿರುತ್ತೇನೆ. ಆ ಹತ್ತು ನಿಮಿಷ ಇದ್ದಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ. ಪ್ಲಾನ್ ಬರೆಯುವ ಕಮಿಟಿಯಲ್ಲಿ ನಮ್ಮವರು ಒಬ್ಬರೂ ಇರುವುದಿಲ್ಲ, ಯಾಕೆಂದರೆ ಆ ಮೀಟಿಂಗಿಗೆ ಸಂಬಳ ಇಲ್ಲ.

ಹಾವೇರಿ ಅತಿಥಿ
ಸರ್, ನೀವು ನಾನು ಅಣ್ಣತಮ್ಮಂದಿರು. ನಮ್ಮಲ್ಲೂ ಇದೇ ಕಥೆ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಮೇಲೇ ಇದೆ. ಸೆಮಿಸ್ಟರ್ ಶುರುವಾದರೂ ನೇಮಕಾತಿ ಪಟ್ಟಿ ಬಂದಿರುವುದಿಲ್ಲ. ಮೊದಲ ಒಂದು ತಿಂಗಳು ಕ್ಲಾಸಿಗೆ ಮೇಷ್ಟ್ರೇ ಇಲ್ಲದಿದ್ದರೆ ಮಕ್ಕಳು ಯಾಕೆ ಬರುತ್ತಾರೆ? ಒಮ್ಮೆ ಬರುವ ಅಭ್ಯಾಸ ತಪ್ಪಿದರೆ ಮುಗಿಯಿತು. ಗಂಡುಮಕ್ಕಳು ಗಾರೆ ಕೆಲಸಕ್ಕೆ ಹೋಗುತ್ತಾರೆ, ಹೆಣ್ಣುಮಕ್ಕಳಿಗೆ ಮದುವೆ.

ಮಂಡ್ಯದ ಗೌಡ್ರು
ನಮ್ಮಲ್ಲೂ ಕಮ್ಯುನಿಟಿ ಕಾಲೇಜು ಅಂತ ಇವೆಯಲ್ಲ. ಯುಜಿಸಿ ಮಾಡಿತ್ತು.

ಹಾವೇರಿ ಅತಿಥಿ
ಇವೆ, ಆದರೆ ಹೆಸರೊಂದೇ, ಕೆಲಸ ಬೇರೆ. 1995ರಲ್ಲಿ ಪುದುಚೇರಿಯಲ್ಲಿ ಶುರುವಾದದ್ದು ಮೊದಲನೆಯದು. 2013ರಲ್ಲಿ ಯುಜಿಸಿ ಯೋಜನೆ ತಂದಿತು. ಅವು ಇರುವ ಕಾಲೇಜಿನ ಒಳಗೇ ನಡೆಯುವ ಕೌಶಲ ಕೋರ್ಸುಗಳು. ಹಾಗಾಗಿಯೇ ನಾನು ಪ್ರಥಮ ದರ್ಜೆ ಕಾಲೇಜಿನ ಜೊತೆ ಹೋಲಿಸಿದ್ದು.

ಶಿಸ್ತು ಮುಖ್ಯ
ಎಲ್ಲರೂ ಭಾವನೆಯ ಮಾತೇ ಆಡುತ್ತಿದ್ದೀರಿ. ಕಾಲೇಜಿನ ಆಡಳಿತ ಸರಿ ಇಲ್ಲದಿದ್ದರೆ ಬಸ್ ಕಾರ್ಡೂ ಇಲ್ಲ, ಕೌನ್ಸೆಲರೂ ಇಲ್ಲ. ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ ನೆನಪಿದೆಯಾ? 2012ರಲ್ಲಿ ಅಕ್ರೆಡಿಟೇಶನ್ ಕಮಿಷನ್ ಎಚ್ಚರಿಕೆ ಕೊಟ್ಟಿತು. 2013ರಲ್ಲಿ ಮಾನ್ಯತೆ ತೆಗೆಯುತ್ತೇವೆ ಅಂದಿತು. ಪಾಠ ಕೆಟ್ಟದು ಅಂತ ಅಲ್ಲ. ಹಣಕಾಸು ಮತ್ತು ಆಡಳಿತದ ಲೋಪಗಳೇ ಅಲ್ಲಿ ಮುಖ್ಯವಾಗಿದ್ದವು. ಅದಕ್ಕೇ ವರದಿ, ಅಂಕಿಅಂಶ, ಪರಿಶೀಲನೆ ಎಲ್ಲ ಬೇಕು. ಪ್ಲಾನ್ ಬರೀ ಕಾಗದ ಅಂತ ತಳ್ಳಿಹಾಕಬೇಡಿ.

ಮೂರು ಕಾಲೇಜು
ಆ ಕಥೆಯ ಉಳಿದರ್ಧವನ್ನೂ ಹೇಳಿ ಸರ್. ವಿಷಯ ಕೋರ್ಟಿಗೆ ಹೋಯಿತು. ಮಾನ್ಯತೆ ಕೊನೆಗೂ ಹೋಗಲಿಲ್ಲ. 2017ರ ಜನವರಿಯಲ್ಲಿ ಪೂರ್ತಿ ಏಳು ವರ್ಷಕ್ಕೆ ಸಿಕ್ಕಿತು. ಆದರೆ ಆ ಐದು ವರ್ಷದಲ್ಲಿ ಕಾಲೇಜು ಮುಚ್ಚುತ್ತದಂತೆ ಅನ್ನುವ ಸುದ್ದಿಗೆ ಹೆದರಿ ಸಾವಿರಾರು ವಿದ್ಯಾರ್ಥಿಗಳು ಹೋದರು. ಆಡಳಿತದ ತಪ್ಪಿಗೆ ಪೆಟ್ಟು ತಿಂದವರು ಮಕ್ಕಳು. ಪರಿಶೀಲನೆ ಬೇಕು ಅನ್ನುವುದು ಸರಿ, ಅದನ್ನು ಹೇಗೆ ಮಾಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ.

ಶಿಸ್ತು ಮುಖ್ಯ
ಅದನ್ನು ಒಪ್ಪುತ್ತೇನೆ. ಮಕ್ಕಳ ಮೇಲೆ ಬಿದ್ದ ಪೆಟ್ಟನ್ನು ನಾನು ಹೇಳಬೇಕಿತ್ತು.

ಅಂಕಿಲೆಕ್ಕ
ಇನ್ನೊಂದು ವಿಷಯ. 2018ರಿಂದ ರಾಜ್ಯದ ಹಣ ಹಂಚುವ ಸೂತ್ರವೂ ಬದಲಾಗಿದೆ. ಮೊದಲು ಮುಖ್ಯವಾಗಿ ತಲೆ ಎಣಿಕೆ. ಈಗ ಸುಮಾರು ಶೇ. 70 ದಾಖಲಾತಿಗೆ, ಶೇ. 20 ಕಡಿಮೆ ಆದಾಯದ ಮಕ್ಕಳು ಎಷ್ಟಿದ್ದಾರೆ ಅನ್ನುವುದಕ್ಕೆ, ಶೇ. 10 ಎಷ್ಟು ಜನ ಮುಗಿಸಿದರು ಅನ್ನುವುದಕ್ಕೆ. ಬಡ ಮಕ್ಕಳಿಗೆ ಹಣಕಾಸು ನೆರವಿನ ಅರ್ಜಿ ತುಂಬಿಸಿದರೆ ಮಗುವಿಗೂ ದುಡ್ಡು, ಕಾಲೇಜಿಗೂ ದುಡ್ಡು. ಗಣಿತದಕ್ಕ, ನಿಮ್ಮ ಡೀನ್ ಹಣ ಇಲ್ಲ ಅಂದರೆ ಈ ದಾರಿ ತೋರಿಸಿ.

ಫ್ರೀಮಾಂಟ್ ಅಪ್ಪ
ಎಲ್ಲರ ಮಾತು ಓದಿದೆ. ಸ್ಟ್ಯಾಟಿಸ್ಟಿಕ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ, ಹೇಳಲು ಸಂಕೋಚ ಇಲ್ಲ. ಸೀತಾಫಲ ಅವರ ಮಾತು ಮನಸ್ಸಿಗೆ ತಟ್ಟಿತು. ಆದರೆ ಕ್ಯಾಲ್ಕುಲಸ್ ವಿಷಯದಲ್ಲಿ ಬದಲಾಗಿಲ್ಲ. 2022ರ ಎಬಿ 1705 ಕಾನೂನಿನಿಂದ ಎಂಜಿನಿಯರಿಂಗ್, ವಿಜ್ಞಾನಕ್ಕೆ ಹೋಗುವ ಮಕ್ಕಳನ್ನೂ ನೇರ ಕ್ಯಾಲ್ಕುಲಸ್‌ಗೆ ಸೇರಿಸುವ ಕಡೆ ಹೊರಟಿದ್ದಾರೆ. ನಾನು ಎಂಜಿನಿಯರ್. ಟ್ರಿಗನಾಮೆಟ್ರಿ ಗಟ್ಟಿ ಇಲ್ಲದೆ ಇಂಟಿಗ್ರೇಷನ್ ಆಗುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಹೊಸದಾಗಿ ಶುರು ಮಾಡಬಹುದಾದ ವಿಷಯ. ಕ್ಯಾಲ್ಕುಲಸ್ ಹಾಗಲ್ಲ.

ಗಣಿತದಕ್ಕ
ಇಲ್ಲಿ ನಾನು ನಿಮ್ಮ ಜೊತೆಗೆ ಅರ್ಧ ದಾರಿ ಬರುತ್ತೇನೆ ಸರ್. ಹೈಸ್ಕೂಲಿನಲ್ಲಿ ಪ್ರಿಕ್ಯಾಲ್ಕುಲಸ್ ನೋಡಿಯೇ ಇರದ ಮಗುವಿಗೆ ನೇರ ಕ್ಯಾಲ್ಕುಲಸ್ ಕಷ್ಟ. ಎಷ್ಟೋ ಬಡಾವಣೆಯ ಶಾಲೆಗಳಲ್ಲಿ ಆ ಕೋರ್ಸೇ ಸರಿಯಾಗಿ ನಡೆದಿರುವುದಿಲ್ಲ. ಆದರೆ ಅದಕ್ಕೆ ಉತ್ತರ ಒಂದು ವರ್ಷ ಹಿಂದೆ ತಳ್ಳುವುದಲ್ಲ. ಅದೇ ಸೆಮಿಸ್ಟರ್‌ನಲ್ಲಿ ಜೊತೆಗೊಂದು ಸಹಾಯದ ಕ್ಲಾಸ್ ಇಡಬೇಕು. ಇವತ್ತು ಚೈನ್ ರೂಲ್ ಬರುತ್ತದೆ ಅಂದರೆ ಇವತ್ತು ಬೆಳಗ್ಗೆಯೇ ಫಂಕ್ಷನ್‌ಗಳ ಸಂಯೋಜನೆ ತಿದ್ದಿಕೊಡಬೇಕು. ನಾನು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಹಾಗೆ ಮಾಡುತ್ತೇನೆ. ಭಿನ್ನರಾಶಿ ಮರೆತವರಿಗೆ ಪ್ರಾಬಬಿಲಿಟಿಯ ಹಿಂದಿನ ದಿನವೇ ಭಿನ್ನರಾಶಿ. ಯಾಕೆ ಕಲಿಯುತ್ತಿದ್ದೇವೆ ಅಂತ ಗೊತ್ತಿದ್ದರೆ ಮಕ್ಕಳು ಬೇಗ ಹಿಡಿಯುತ್ತಾರೆ.

ಫ್ರೀಮಾಂಟ್ ಅಪ್ಪ
ಜೊತೆಗೆ ಸಹಾಯ ಇದ್ದರೆ ನನ್ನ ತಕರಾರು ಇಲ್ಲ. ಇಲ್ಲದೆ ಸುಮ್ನೆ ತಳ್ಳಿದರೆ ಇದೆ.

ಕೌನ್ಸೆಲರ್ ಚಿಕ್ಕಮ್ಮ
ತಡವಾಗಿ ಬಂದೆ. ಹದಿನಾರು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಸಂಜೆ ಪಾಳಿಯವರ ದೂರು ನಿಜ, ನನಗೆ ನೋವೂ ಆಯಿತು. ಒಬ್ಬೊಬ್ಬರ ಕೈಗೆ ನೂರಾರು, ಕೆಲವು ಕಡೆ ಸಾವಿರ ದಾಟಿ ಮಕ್ಕಳು. ಅರ್ಧ ಗಂಟೆ ಕೊಟ್ಟರೆ ಇನ್ನೊಬ್ಬರ ಅರ್ಧ ಗಂಟೆ ಹೋಯಿತು. ಟ್ರಾನ್ಸ್‌ಫರ್‌ಗೆ ಬೇಕಾದದ್ದು 60 ಯೂನಿಟ್. ಡಿಗ್ರಿ ಪಡೆಯುವಷ್ಟರಲ್ಲಿ ಮಕ್ಕಳು ಸರಾಸರಿ 87 ಯೂನಿಟ್ ಕೂಡಿಸಿಕೊಂಡಿರುತ್ತಿದ್ದರು ಅಂತ 2017ರ ಆ ಗುರಿಪಟ್ಟಿಯೇ ಹೇಳಿತ್ತು. ಬೇಡದ ಕ್ಲಾಸಿಗೆ ಹೋದ ತಿಂಗಳುಗಳು ಅವು. ಸಮಯಕ್ಕೆ ಒಬ್ಬರು ದಾರಿ ಹೇಳಿದ್ದರೆ ಉಳಿಯುತ್ತಿದ್ದವು.

ನಾನು ನೋಡಿದ್ದರಲ್ಲಿ ಪುವೆಂಟೆ ಅನ್ನುವ ಕಾರ್ಯಕ್ರಮ ಚೆನ್ನಾಗಿ ನಡೆದಿದೆ. ನಮ್ಮ ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ 1981ರಲ್ಲಿ ಹುಟ್ಟಿದ್ದು. ಒಬ್ಬ ಇಂಗ್ಲಿಷ್ ಟೀಚರ್, ಒಬ್ಬ ಕೌನ್ಸೆಲರ್ ಒಂದೇ ಗುಂಪಿನ ಮಕ್ಕಳನ್ನು ವರ್ಷ ಪೂರ್ತಿ ಜೊತೆಯಾಗಿ ನೋಡಿಕೊಳ್ಳುತ್ತಾರೆ. ಊರಿನಲ್ಲಿ ಕೆಲಸದಲ್ಲಿರುವ ಒಬ್ಬ ಹಿರಿಯರು ಪ್ರತಿ ಮಗುವಿಗೂ ಜೊತೆ. ಮಗು ಎರಡು ದಿನ ಬರದಿದ್ದರೆ ಮೂರನೇ ದಿನ ಯಾರಾದರೂ ಫೋನ್ ಮಾಡುತ್ತಾರೆ. ನಮ್ಮ ಅಜ್ಜಿಯ ಕಾಲದ ವಠಾರದ ಹಾಗೆ.

ಗಣಿತದಕ್ಕ, ನಿಮಗೊಂದು ಮಾತು. ಆ 11 ಮಕ್ಕಳಿಗೆ ಫೋನ್ ಮಾಡಿದ್ದೀರಾ?

ಗಣಿತದಕ್ಕ
ಇಮೇಲ್ ಕಳಿಸಿದ್ದೆ. ಇಬ್ಬರು ಉತ್ತರ ಕೊಟ್ಟರು.

ಕೌನ್ಸೆಲರ್ ಚಿಕ್ಕಮ್ಮ
ಕಾಲೇಜಿನ ಇಮೇಲ್ ಅವರು ತೆಗೆಯುವುದೇ ಇಲ್ಲ ತಾಯಿ. ಫೋನ್ ಮಾಡಿ. ಸಂಜೆ ಏಳರ ಮೇಲೆ ಮಾಡಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ, ಹೆದರಿಬಿಡುತ್ತಾರೆ. ಚೆನ್ನಾಗಿದ್ದೀಯಾ ಅಂತ ಕೇಳಿ.

ಗಣಿತದಕ್ಕ
ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಚಿಕ್ಕಮ್ಮ ಹೇಳಿದ ಹಾಗೆ ಫೋನ್ ಮಾಡಿದೆ. 11ರಲ್ಲಿ 8 ಜನ ಸಿಕ್ಕಿದರು.

ಗಣಿತ ಕಷ್ಟವಾಯಿತು ಅಂದವರು ಇಬ್ಬರು. ಇಬ್ಬರೇ! ಮೂವರಿಗೆ ಕೆಲಸದ ಪಾಳಿ ಬದಲಾಗಿದೆ. ಒಬ್ಬನ ತಾಯಿಗೆ ಆಪರೇಷನ್, ತಮ್ಮಂದಿರನ್ನು ಅವನೇ ನೋಡಿಕೊಳ್ಳಬೇಕು. ಒಬ್ಬನಿಗೆ ಮನೆಯೇ ಇಲ್ಲ. ಎರಡು ವಾರದಿಂದ ಕಾರಿನಲ್ಲಿ ಮಲಗುತ್ತಿದ್ದಾನೆ. ನಮ್ಮ ಕಾಲೇಜಿನಲ್ಲಿ ಊಟದ ಕೋಣೆ, ಸ್ನಾನಕ್ಕೆ ವ್ಯವಸ್ಥೆ ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಮರುದಿನ ನಾನೇ ಕರೆದುಕೊಂಡು ಹೋಗಿ ತೋರಿಸಿದೆ, ಅಲ್ಲಿದ್ದವರು ವಸತಿ ಸಹಾಯಕ್ಕೂ ಅರ್ಜಿ ಹಾಕಿಸಿದರು.

ಎಂಟನೆಯವಳ ಕಥೆ ಕೇಳಿ. ಹಳೇ ಪಾರ್ಕಿಂಗ್ ದಂಡ ಬಾಕಿ ಇತ್ತು. ಅದಕ್ಕೆ ಅವಳ ಖಾತೆಗೆ ಹೋಲ್ಡ್, ಅಂದರೆ ತಡೆ, ಬಿದ್ದಿದೆ. ಮುಂದಿನ ಸೆಮಿಸ್ಟರ್‌ಗೆ ಹೆಸರು ಬರೆಸಲು ಹೋದಾಗ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಕಾಲೇಜು ತನ್ನನ್ನು ತೆಗೆದುಹಾಕಿದೆ ಅಂತ ತಿಳಿದು ಈ ಸೆಮಿಸ್ಟರ್ ಕ್ಲಾಸಿಗೂ ಬರುವುದನ್ನು ನಿಲ್ಲಿಸಿದಳು. ನನ್ನ ಎರಡೂ ಟೆಸ್ಟ್‌ನಲ್ಲಿ ಅವಳಿಗೆ ಎ ಬಂದಿತ್ತು.

ಕಮಿಟಿಯಲ್ಲಿ ನಿನ್ನೆ ಇದೆಲ್ಲ ಹೇಳಿದೆ. ಬರೆದುಕೊಂಡು ಹೋದ ಪ್ಲಾನ್ ಪಕ್ಕಕ್ಕೆ ಇಟ್ಟೆ. ಮೂರು ವಿಷಯ ಕೇಳಿದೆ. ಬುಧವಾರ ರಾತ್ರಿ ಎಂಟರ ತನಕ ಕೌನ್ಸೆಲಿಂಗ್. ಸಣ್ಣ ಬಾಕಿಗಳಿಗೆ ಹೋಲ್ಡ್ ಹಾಕುವುದು ನಿಲ್ಲಿಸುವುದು. ಮೂರನೇ ವಾರದಲ್ಲಿ ಎರಡು ಸಲ ತಪ್ಪಿಸಿದ ಪ್ರತಿ ಮಗುವಿಗೂ ಫೋನ್, ಅದನ್ನು ಮಾಡುವ ಪಾರ್ಟ್ ಟೈಮ್ ಮೇಷ್ಟ್ರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದು ಹಣಕಾಸು ವಿಭಾಗಕ್ಕೆ ಹೋಗಿದೆ. ಮೂರನೆಯದಕ್ಕೆ ಇನ್ನೂ ವಾದ ನಡೆಯುತ್ತಿದೆ, ನಾನು ಬಿಡುವುದಿಲ್ಲ.

ಸಂಜೆ ಪಾಳಿ
ಬುಧವಾರದ ರಾತ್ರಿ ಕೌನ್ಸೆಲಿಂಗ್ ನಮ್ಮ ಕಾಲೇಜಿನಲ್ಲೂ ಬೇಕು ಅಂತ ಕೇಳುತ್ತೇನೆ. ನಿಮ್ಮಲ್ಲಿ ಒಪ್ಪಿದ್ದಾರೆ ಅಂತ ಹೇಳಬಹುದಲ್ವಾ?

ಗಣಿತದಕ್ಕ
ಹೇಳಿ. ಬೇಕಾದರೆ ನಾವು ಕೇಳಿದ ಪತ್ರದ ಪ್ರತಿಯನ್ನೂ ಹೆಸರು ತೆಗೆದು ಕಳಿಸುತ್ತೇನೆ.

ಸನ್ನಿವೇಲ್ ಸೀತಾಫಲ
ಅಕ್ಕ, ಆ ಪಾರ್ಕಿಂಗ್ ದಂಡದ ಹುಡುಗಿ ಏನಾದಳು?

ಗಣಿತದಕ್ಕ
ಹೋಲ್ಡ್ ನಾಳೆ ತೆಗೆಯುತ್ತಾರಂತೆ. ಎರಡು ಅಧ್ಯಾಯ ತಪ್ಪಿಹೋಗಿದೆ, ಸೋಮವಾರ ಒಂದು ಗಂಟೆ ಮೊದಲೇ ಬರುತ್ತೇನೆ ಅಂದಿದ್ದಾಳೆ.